ಸೋತವನು ಹೊಡೆಯಬೇಕಾದ ಮೊಳೆ

ಹೊಳೆಯ ದಂಡೆಗೊಂದು ಗರಡಿಮನೆ. ಅಲ್ಲಿ ಕುಸ್ತಿ ಕಲಿಸುವವನೊಬ್ಬ ವಸ್ತಾದ. ಹೆಸರು ಲಗಮಪ್ಪ, ವಯಸ್ಸು ಎಪ್ಪತ್ತೆಂಟು.

ಗರಡಿಯ ಕೆಂಪು ಗೋಡೆಯ ಮೇಲೆ ಇಪ್ಪತ್ತೊಂದು ಪಟಗಳಿದ್ದವು. ಎಲ್ಲವೂ ಇಲ್ಲಿಯ ಮಣ್ಣಿನಲ್ಲಿ ಕಲಿತು, ದೊಡ್ಡ ಕುಸ್ತಿ ಗೆದ್ದವರವು. ಹೆಗಲ ಮೇಲೆ ಬೆಳ್ಳಿ ಗದೆ, ತಲೆಗೆ ರುಮಾಲು, ಮುಖದಲ್ಲಿ ಫೋಟೋ ತೆಗೆಯುವವನನ್ನೂ ಚಿತ್ ಮಾಡಿಬಿಡುವ ಗತ್ತು. ಮೂರನೆಯ ಪಟ ವಸ್ತಾದರದೇ.

ಇಪ್ಪತ್ತೊಂದನೆಯದರ ಪಕ್ಕದಲ್ಲಿ, ಸುಣ್ಣದಲ್ಲಿ ಎಳೆದ ಒಂದು ಖಾಲಿ ಚೌಕ.

ಅದನ್ನು ಎಳೆದು ಹತ್ತೊಂಬತ್ತು ವರ್ಷವಾಗಿತ್ತು. ಎಳೆದದ್ದು ಯಮನೂರಪ್ಪ ಎಂಬ ಶಿಷ್ಯನ ಕಣ್ಣೆದುರು. ಆಗ ಅವನಿಗೆ ಹತ್ತು ವರ್ಷ.

"ಇದು ನಿಂದು," ಎಂದಿದ್ದರು ವಸ್ತಾದರು. "ತುಂಬಸೂದು ನಿನ್ನ ಕೆಲಸ."

ಯಮನೂರ ಮುಂದೆ ಕುಸ್ತಿ ಬಿಟ್ಟು ಬಾಕ್ಸಿಂಗಿಗೆ ಹೋದ. ಊರು ಗೊಣಗಿತು. ವಸ್ತಾದರು ತಡೆಯಲಿಲ್ಲ.

"ಅಲ್ಲಿ ಮಣ್ಣಿಲ್ಲ, ಹಗ್ಗ ಐತಿ. ಹಿಡಿಯೂದಿಲ್ಲ, ಹೊಡಿಯೂದು. ಇರಲಿ. ಎದುರಿಗೆ ನಿಂತಾವ ಮಾತ್ರ ಎಲ್ಲಾ ಕಡೆ ಮನಷ್ಯಾನ," ಎಂದಷ್ಟೇ ಹೇಳಿ ಕಳಿಸಿದರು.

ದುಬೈ, ಬ್ಯಾಂಕಾಕ್, ಮನಿಲಾ. ಹದಿನೆಂಟು ಪಂದ್ಯ, ಹದಿನೆಂಟು ಗೆಲುವು. ಹೊರದೇಶದ ಮೈಕುಗಳಿಗೆ ಅವನ ಹೆಸರು ಉದ್ದವಾಯಿತು. ಕತ್ತರಿಸಿ 'ಯಮ' ಎಂದರು. ಅವನೂ ಅದನ್ನೇ ಕೆಂಪು ನಿಲುವಂಗಿಯ ಬೆನ್ನಿಗೆ ಹೊಲಿಸಿಕೊಂಡ. ಅವ್ವ ಹರಕೆ ಹೊತ್ತು ಇಟ್ಟ ಹೆಸರಿನಲ್ಲಿ ಊರು ಉದುರಿಹೋಗಿ, ಕೋಣವೇರಿ ಬರುವವನಷ್ಟೇ ಉಳಿದ.

ಹತ್ತೊಂಬತ್ತನೆಯ ಪಂದ್ಯದಲ್ಲಿ ಏಷ್ಯಾ ಚಾಂಪಿಯನ್ ಎಂಬ ಬೆಲ್ಟು ಬಂತು.

ಬೆಲ್ಟು ಬಂದ ಎಂಟನೆಯ ತಿಂಗಳು ಯಮನೂರ ಗರಡಿಗೆ ಬಂದ. ಜತೆಗೆ ಒಂದು ಪಟ ತಂದ. ತೇಗದ ಚೌಕಟ್ಟು, ಅದರ ಮೇಲೆ ಬಂಗಾರದ ಬಣ್ಣ, ದಪ್ಪ ಗಾಜು. ಗಾಡಿಯಿಂದ ಇಳಿಸಲು ಇಬ್ಬರು ಬೇಕಾದರು.

ವಸ್ತಾದರು ಅಖಾಡದ ಮಣ್ಣು ಹದ ಮಾಡುತ್ತಿದ್ದರು. ಕೆಮ್ಮಣ್ಣಿಗೆ ಮಜ್ಜಿಗೆ, ಅರಿಶಿನ, ಲಿಂಬೆರಸ. ತಲೆ ಎತ್ತಲಿಲ್ಲ.

"ಶರಣ್ರಿ ವಸ್ತಾದ್ರ."

"ಬಾ. ಬೂಟು ಹೊರಗ."

"ಪಟ ತಂದೀನ್ರಿ."

"ಕಾಣತೈತಿ. ಬಾಗಲಾ ಸಣ್ಣದು. ಅಡ್ಡ ಹಿಡದು ತರಾಕ ಹೇಳು."

ಪಟ ಅಡ್ಡವಾಗಿ ಒಳಗೆ ಬಂತು. ಪಟದಲ್ಲಿ ಯಮನೂರ ಎರಡೂ ಕೈ ಮೇಲೆತ್ತಿ ನಿಂತಿದ್ದ. ನಡುವಿಗೆ ಬೆಲ್ಟು. ಹಿಂದೆ ಯಾರ ಯಾರದೋ ಬಾಯಿಗಳು ತೆರೆದಿದ್ದವು.

"ಗರಡಿ ಪೂಜಿಗೆ ಇನ್ನ ಹದಿನೈದು ದಿನ ಐತಲ್ರಿ. ಅಷ್ಟ್ರಾಗ ಏರಿಸಿಬಿಡೂಣು. ಅಪ್ಪ ಸಾಯೂ ಮುಂದ ಕೇಳಿದ್ದು ಒಂದ ಮಾತ್ರಿ. 'ಚೌಕ ತುಂಬತೇನೋ?' ಅಂತ."

ವಸ್ತಾದರ ಕೈ ಮಣ್ಣಿನಲ್ಲಿ ಒಂದು ಕ್ಷಣ ನಿಂತಿತು.

"ಮೊಳಿ ಯಾರು ಹೊಡೀತಾರ?"

ಯಮನೂರನಿಗೆ ಆ ಪದ್ಧತಿ ಗೊತ್ತಿತ್ತು. ಗೊತ್ತಿದ್ದೂ ಮರೆತವನಂತೆ ಬಂದಿದ್ದ. ಆ ಗರಡಿಯಲ್ಲಿ ಗೆದ್ದವನ ಪಟಕ್ಕೆ ಸೋತವನೇ ಬಂದು ಮೊಳೆ ಹೊಡೆಯಬೇಕು. ಬಂದು, ಗರಡಿಯಲ್ಲಿ ಉಂಡು, ಹೊಡೆದು ಹೋಗಬೇಕು. ಇಪ್ಪತ್ತೊಂದು ಮೊಳೆಗಳೂ ಹಾಗೆಯೇ ಗೋಡೆ ಹೊಕ್ಕವು.

"ಅದು ಕುಸ್ತಿ ಕಾಲದ್ದಾತ್ರಿ."

"ಗೋಡಿನೂ ಕುಸ್ತಿ ಕಾಲದ್ದ."

"ನೀವ ಹೊಡೀರಿ ವಸ್ತಾದ್ರ. ನಿಮ್ಮ ಕೈಲೆ ಆದ್ರ ಇನ್ನ ಛಲೋ."

"ನೀ ಹೊಡದ್ರ ಸೊಕ್ಕು. ನಾ ಹೊಡದ್ರ ಮೋಹ. ಸೋತಾವ ಹೊಡದ್ರ ಸಾಕ್ಷಿ." ವಸ್ತಾದರು ಮಣ್ಣಿನ ಕೈಯಿಂದಲೇ ಮೂರನೆಯ ಪಟ ತೋರಿಸಿದರು. "ಅದಕ್ಕ ಮೊಳಿ ಹೊಡದಾವ ಮಿರಜದ ದಸ್ತಗೀರ. ಹೊಡದು ಮೂರು ದಿನ ಇಲ್ಲೇ ಉಳದ. ಹೋಗೂ ಮುಂದ ನಮ್ಮ ಎಮ್ಮಿ ಭಾಳ ಮನಸಿಗೆ ಬಂತು ಅಂತ ಹಗ್ಗ ಬಿಚ್ಚಿ ಹೊಡಕೊಂಡು ಹೋದ. ಸೋತಾವ ಅಂವ, ಎಮ್ಮಿ ಕಳಕೊಂಡಾವ ನಾ."

ಯಮನೂರ ನಗಲಿಲ್ಲ.

"ಹಂಗಾದ್ರ ಹತ್ತೊಂಬತ್ತ ಮಂದಿ ಸೋತಾರಲ್ರಿ. ಯಾರನ್ನರ ಕರೀತೀನಿ. ಮನಿಲಾದಾಗ ಒಬ್ಬ ಅದಾನ, ಭಾಳ ನಗಮುಖದಾವ. ನಾಳೆ ಕರದ್ರ ನಾಡದ ಬರ್ತಾನ."

"ಪಟದಾಗ ನಡಕ್ಕ ಏನು ಕಟ್ಟೀದಿ?"

"ಬೆಲ್ಟ್‌ರಿ."

"ಯಾರನ್ನ ಸೋಲಿಸಿದ್ದಕ್ಕ ಬಂತು?"

ಯಮನೂರ ಬಾಗಿಲ ಕಡೆ ನೋಡಿದ.

"ಅವಗೊಂದು ಹೆಸರು ಇರಬೇಕಲ್ಲ?"

"ಇನ್ನಾಸಿ."

"ಅವನ್ನ ಕರಕೊಂಡು ಬಾ."

ಯಮನೂರನ ಕಿವಿ ಕೆಂಪಾದವು.

"ವಸ್ತಾದ್ರ, ನಾ ಏಷ್ಯಾ ಗೆದ್ದು ಬಂದೀನ್ರಿ! ಊರಾಗ ಮೆರವಣಿಗಿ ಮಾಡಿದ್ರು. ಮಂತ್ರಿ ಶಾಲು ಹೊಚ್ಚಿದ್ರು. ಬಸ್‌ಸ್ಟ್ಯಾಂಡಿನಾಗ ನಾ ಕೈ ಎತ್ತಿದ ಬೋರ್ಡು ಐತಿ, ಆಳೆತ್ತರದ್ದು. ಇಲ್ಲಿ ಒಂದು ಮೊಳಿಗೆ ಇಷ್ಟು ಆಟಾ ಆಡಸ್ತೀರಿ?"

"ಬಸ್‌ಸ್ಟ್ಯಾಂಡಿಗೆ ಹೋಗು ಮತ್ತ," ಎಂದರು ವಸ್ತಾದರು. "ಅಲ್ಲಿ ಯಾರೂ ಏನೂ ಕೇಳಾಂಗಿಲ್ಲ."

ಯಮನೂರ ಪಟವನ್ನು ಗೋಡೆಗೆ ಒರಗಿಸಿದ. ಬೂಟಿನ ದಾರ ಕಟ್ಟದೆಯೇ ಹೊರಟುಹೋದ.

ಮರುದಿನ ಅವನು ಬರಲಿಲ್ಲ. ಒಬ್ಬ ಎಲೆಕ್ಟ್ರಿಷಿಯನ್ ಬಂದ. ಕೈಯಲ್ಲಿ ಡ್ರಿಲ್ಲಿಂಗ್ ಮಿಷನ್.

"ಚಾಂಪಿಯನ್ ಸಾಹೇಬ್ರು ಕಳಿಸ್ಯಾರ್ರಿ. ಮೊಳಿ ಅಲ್ಲಂತ. ಸ್ಕ್ರೂ ಅಂತ. ಮೊಳಿ ಹೊಡಿಯೂದಕ್ಕಷ್ಟ ಪದ್ಧತಿ, ಸ್ಕ್ರೂ ತಿರುವೂದಕ್ಕ ಏನೂ ಇಲ್ಲ ಅಂತ ಹೇಳು ಅಂದಾರ."

ವಸ್ತಾದರು ಮಿಷನನ್ನು ತಿರುಗಿಸಿ ನೋಡಿದರು. ಮೆಚ್ಚಿದವರಂತೆ ತಲೆದೂಗಿದರು.

"ಛಲೋ ಐತಿ. ಎಷ್ಟು ಹೊತ್ತು ತಿರಗತೈತಿ ಇದು?"

"ಸ್ವಿಚ್ ಬಿಡೂತನಾ ತಿರಗತೈತ್ರಿ."

"ತಾನಾಗಿ ನಿಲ್ಲಾಂಗಿಲ್ಲ?"

"ಮಿಷನ್ ಹೆಂಗ ತಾನಾಗಿ ನಿಲ್ಲತೈತ್ರಿ ಅಜ್ಜಾ?"

"ಹಾಂ. ಇದನ್ನ ಚಾಂಪಿಯನ್ ಸಾಹೇಬ್ರಿಗೆ ತಿರುಗಿ ಕೊಡು. ಅವರ ಜೋಡಿ ಇದ್ರ ಇದಕ್ಕೂ ಹೊತ್ತು ಹೋಗತೈತಿ."

ಆ ಮಾತು ಯಮನೂರನಿಗೆ ಮುಟ್ಟಿತು. ಅಂದು ಸಂಜೆಯೇ ಅವನು ಇನ್ನಾಸಿಯ ಊರಿಗೆ ಬಸ್ಸು ಹತ್ತಿದ. ತನ್ನ ಗಾಡಿ ಯಾಕೆ ತೆಗೆದುಕೊಂಡು ಹೋಗಲಿಲ್ಲ ಎಂಬುದು ಅವನಿಗೂ ತಿಳಿಯಲಿಲ್ಲ.

ಅದು ಚಿನ್ನದ ಗಣಿ ಮುಚ್ಚಿಹೋದ ಊರು. ಊರ ಬೆನ್ನಿಗೆ ಗಣಿಯ ಹೊಟ್ಟೆಯಿಂದ ತೆಗೆದ ಬೂದು ಮಣ್ಣಿನ ದಿಬ್ಬ. ಅದರ ಕೆಳಗೆ ಸಾಲು ಸಾಲು ತಗಡಿನ ಮನೆಗಳು. ಬಿಳಿ ದೊರೆಗಳು ಚಿನ್ನವನ್ನು ಒಯ್ದು, ಬಾಕ್ಸಿಂಗನ್ನು ಬಿಟ್ಟುಹೋಗಿದ್ದರು.

ಬಾಗಿಲು ತೆಗೆದವಳು ಇನ್ನಾಸಿಯ ಹೆಂಡತಿ ರೀಟಾ. ಕೈತುಂಬ ಸೋಪಿನ ನೊರೆ, ಹೆಗಲ ಮೇಲೊಂದು ಟವೆಲು. ಅವನನ್ನು ಕಾಲಿಂದ ತಲೆಯವರೆಗೆ ಅಳೆದಳು.

"ಓ. ಪೋಸ್ಟರಲ್ಲಿ ಇನ್ನೂ ದಪ್ಪ ಕಾಣ್ತಿದ್ರಿ."

"ಇನ್ನಾಸಿ ಅಣ್ಣ..."

"ಇದಾರೆ. ಸ್ವಲ್ಪ ಕಾಯಬೇಕು. ಪಂದ್ಯ ನಡೀತಿದೆ."

ಒಳಗೆ ಮಂಚದ ಮೇಲೆ ಕೂತು ಇನ್ನಾಸಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಎರಡು ಆಗಿದ್ದವು. ಮೂರನೆಯದು ಬೆರಳಿಗೆ ಸಿಗುತ್ತಿರಲಿಲ್ಲ. ಸಿಕ್ಕರೆ ಕಾಜ ಸಿಗುತ್ತಿರಲಿಲ್ಲ. ಎರಡೂ ಕೈಗಳು ಗಾಳಿಗೆ ಸಿಕ್ಕ ಎಲೆಗಳ ಹಾಗೆ ಅದುರುತ್ತಿದ್ದವು.

"ನಾನು ಹಾಕಬಾರದು. ಹಾಕಿದ್ರೆ ಬಯ್ತಾರೆ," ಎಂದಳು ರೀಟಾ. "ದಿನಾ ಬೆಳಿಗ್ಗೆ ಇದೇ. ಐದು ಗುಂಡಿ, ಐದು ರೌಂಡು."

ಇನ್ನಾಸಿ ತಲೆ ಎತ್ತಿದ. ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮುಖ ಅರಳಿತು.

"ತಮ್ಮಾ. ಬಾ. ಕೂತ್ಕೋ." ಒಂದೊಂದೇ ಮಾತು, ನೆಲ ತಡವಿ ಹೆಜ್ಜೆಯಿಟ್ಟು ಬರುತ್ತಿತ್ತು. "ನಿನ್ನ ಎಡಗೈ ಏಟು... ಚೆನ್ನಾಗಿದೆ. ನಾನು ನೋಡ್ಲೇ ಇಲ್ಲ ಅದನ್ನ."

ಯಮನೂರ ಕುರ್ಚಿಯ ಅಂಚಿಗೆ ಕೂತ. ಬಂದ ಕಾರಣ ಹೇಳಿದ. ಗೋಡೆ, ಚೌಕ, ಮೊಳೆ, ಪದ್ಧತಿ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

ರೀಟಾ ಪೂರ್ತಿ ಕೇಳಿದಳು.

"ಅಂದ್ರೆ, ನಿಮ್ಮ ಫೋಟೋ ನೇತು ಹಾಕೋಕೆ ಇವರು ಬಂದು ಸುತ್ತಿಗೆ ಹಿಡೀಬೇಕು."

"ಪದ್ಧತಿ ಅಕ್ಕಾ."

"ಪದ್ಧತಿ! ಮೊಳೆಗೆ ಪದ್ಧತಿ ಇದೆ ನಿಮ್ಮೂರಲ್ಲಿ. ಬಿದ್ದವನನ್ನ ಬಿಡೋ ಪದ್ಧತಿ ಇಲ್ವಾ?"

"ಅವರು ಬಿದ್ದಿರಲಿಲ್ಲ ಅಕ್ಕಾ. ನಿಂತಿದ್ರು."

"ಹಗ್ಗ ನಿಲ್ಲಿಸಿತ್ತು!"

ಪಕ್ಕದ ಮನೆಯ ರೇಡಿಯೊ ಯಾರೋ ಸಣ್ಣ ಮಾಡಿದರು.

"ರೆಫ್ರಿ ನಿಲ್ಲಿಸಲಿಲ್ಲ," ಎಂದ ಯಮನೂರ. ಈಗ ಅವನಿಗೂ ಸಿಟ್ಟು ಬಂತು. "ಡಾಕ್ಟರು ಅಲ್ಲೇ ಇದ್ದ. ಇವರ ಕಡೆಯವರು ಟವೆಲ್ ಎಸೆದಿದ್ರೆ ಅಲ್ಲಿಗೇ ಮುಗೀತಿತ್ತು. ಟವೆಲ್ ಬಿದ್ರೆ ಯಾರೂ ಹೊಡೆಯೋ ಹಾಗಿಲ್ಲ, ಅದು ನಿಯಮ. ಅವರು ಎಸೀಲಿಲ್ಲ. ನಾನೊಬ್ಬನೇನಾ ತಪ್ಪು ಮಾಡಿದ್ದು?"

"ಹನ್ನೊಂದು."

"ಏನು?"

"ಒಂಬತ್ತನೇ ರೌಂಡಲ್ಲಿ, ಇವರ ಎರಡೂ ಕೈ ಕೆಳಗಿಳಿದ ಮೇಲೆ, ತಲೆಗೆ ಹನ್ನೊಂದು ಏಟು. ಆ ವಿಡಿಯೊ ಎಷ್ಟು ಸಲ ನೋಡಿದೀನಿ ಗೊತ್ತಾ? ಆರು ಹೊಡೆದು ನಿಲ್ಲಿಸಿದ್ರಿ. ನಿಲ್ಲಿಸಿ ರೆಫ್ರಿ ಮುಖ ನೋಡಿದ್ರಿ. ಯಾಕೆ ನೋಡಿದ್ರಿ?"

ಯಮನೂರ ಇನ್ನಾಸಿಯ ಗುಂಡಿಯ ಕಡೆ ನೋಡಿದ.

"ನಾನು ಹೇಳ್ತೀನಿ. ನಿಮಗೆ ಗೊತ್ತಾಗಿತ್ತು. ಅದಕ್ಕೇ ನೋಡಿದ್ರಿ. ಅವನು ಸುಮ್ಮನಿದ್ದ. ನೀವು ಇನ್ನೈದು ಹೊಡೆದ್ರಿ. ಮೊದಲಿನ ಆರು, ಆಯ್ತಪ್ಪ, ಬಾಕ್ಸಿಂಗು. ನಾನೂ ಬಾಕ್ಸರ್ ಹೆಂಡ್ತಿ, ಅಷ್ಟು ನುಂಗ್ತೀನಿ. ಆ ಐದು ಏನು? ಹೇಳಿ. ಅದಕ್ಕೆ ನಿಮ್ಮಲ್ಲಿ ಏನಂತಾರೆ?"

ಇನ್ನಾಸಿಯ ಮೂರನೆಯ ಗುಂಡಿ ಕಾಜದೊಳಗೆ ಹೋಯಿತು. ಅವನು ಉಸಿರು ಬಿಟ್ಟ.

"ರೀಟಾ. ಟೀ ಕೊಡು."

"ಟೀ ಬೇರೆ!"

ಆದರೂ ಒಲೆ ಹಚ್ಚಿದಳು. ಪಾತ್ರೆಗಳು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿದವು.

"ಬರ್ತೀನಿ," ಎಂದ ಇನ್ನಾಸಿ. "ಸೋತಿದ್ದು... ನಿಜ ತಾನೆ?"

ರೀಟಾ ಲೋಟವನ್ನು ಯಮನೂರನ ಮುಂದೆ ಕುಕ್ಕಿದಳು. "ಇವರು ಬರ್ತೀನಿ ಅಂದ್ರೆ ಬಂದೇ ಬರ್ತಾರೆ. ನಾನೂ ಬರ್ತೀನಿ. ನಿಮ್ಮ ಗುರುಗಳನ್ನ ಒಂದು ಮಾತು ಕೇಳಬೇಕು ನಾನು. ಕುಡೀರಿ, ಆರುತ್ತೆ."

ಯಮನೂರ ಬಸ್ಸಿನಿಂದ ಇಳಿದು ನೇರ ಹೊಳೆಗೆ ಬಂದ. ವಸ್ತಾದರು ಕಲ್ಲಿನ ಮೇಲೆ ಲಂಗೋಟಿ ಒಗೆಯುತ್ತಿದ್ದರು.

"ಬಿಡಾಂಗಿಲ್ರಿ ಅವರನ್ನ!"

"ಯಾರನ್ನ?"

"ಎಲ್ಲಾರ್ನೂ! ಆ ರೆಫ್ರಿ, ಕಣ್ಣಿದ್ದೂ ಕುರುಡ. ಆ ಡಾಕ್ಟರ, ಜನಾ ಎದ್ದು ಸಿಳ್ಳಿ ಹೊಡ್ಯಾಕತ್ತಿದ್ರ ತಾನೂ ಎದ್ದು ನಿಂತಿದ್ದ. ಪಂದ್ಯ ಇಟ್ಟಾವ ಹಗ್ಗದ ಕೆಳಗ ನಿಂತು 'ಮುಗಸು, ಮುಗಸು' ಅಂತ ಒದರತಿದ್ದ. ಇನ್ನಾಸಿ ಕಡ್ಯಾವ್ರು ಹೆಗಲ ಮ್ಯಾಲ ಟಾವೆಲ್ ಹಾಕ್ಕೊಂಡು ನಿಂತಿದ್ರು, ಲಗ್ನಕ್ಕ ಬಂದ ಬೀಗರಂಗ! ಒಬ್ಬಗೂ ನಾಚಿಕಿಲ್ಲ. ಆ ಮನಷ್ಯಾಗ ಅಂಗಿ ಗುಂಡಿ ಹಾಕ್ಕೊಳ್ಳಾಕ ಬರವಲ್ದು ವಸ್ತಾದ್ರ! ಪೇಪರಿಗೆ ಕೊಡ್ತೀನಿ. ಕೋರ್ಟಿಗೆ ಎಳೀತೀನಿ."

"ಎಳಿ."

"ನೀವೂ ಹೌದಂತೀರೇನು?"

"ಹೌದು. ಅವರೆಲ್ಲಾ ತಪ್ಪಿತಸ್ಥರು. ಇಂಥಾದಕ್ಕ ಸಿಟ್ಟು ಬರಬೇಕು. ಬರದಾವ ಉಂಡ ಅನ್ನ ದಂಡ."

ವಸ್ತಾದರು ನೀರಿನಿಂದ ಮೇಲೆ ಬಂದರು. ಯಮನೂರನ ಎದುರಿಗೆ, ಒಂದು ಮೊಳ ದೂರದಲ್ಲಿ ನಿಂತರು. ಎರಡೂ ಕೈ ಕೆಳಗೆ ಬಿಟ್ಟರು.

"ಹೊಡಿ."

"ಏನ್ರಿ ಇದು?"

"ಹೊಡಿ ಅಂದೆ. ಬಲಗೈಲೆ. ಅದಕ್ಕ ವಿಮಾ ಮಾಡಿಸ್ಯಾರಂತಲ್ಲ, ಆ ಕೈಲೆ."

"ನಗಿಚಾಟಿಕಿ ಬ್ಯಾಡ್ರಿ."

"ಇಲ್ಲಿ ರೆಫ್ರಿ ಇಲ್ಲ. ಡಾಕ್ಟರಿಲ್ಲ. ಹೊಳಿ ಐತಿ, ನಾಕು ಎಮ್ಮಿ ಅದಾವ. ಅವು ಬ್ಯಾಡ ಅನ್ನಾಂಗಿಲ್ಲ. ಹೊಡಿಯೋ!"

ಆ ದನಿಗೆ ಹತ್ತು ವರ್ಷದವನಾಗಿದ್ದಾಗಿನಿಂದ ಅವನ ಮೈ ತಾನಾಗಿ ಓಗೊಡುತ್ತಿತ್ತು. ಬಲಗೈ ಮುಷ್ಟಿಯಾಯಿತು. ಎದೆಯ ಮಟ್ಟಕ್ಕೆ ಬಂತು.

ಎದುರಿಗೆ ಒದ್ದೆ ಮೀಸೆಯ ಮುದುಕ. ಕಣ್ಣು ಮುಚ್ಚಿರಲಿಲ್ಲ.

ಮುಷ್ಟಿ ಬಿಚ್ಚಿತು. ಕೈ ಕೆಳಗಿಳಿಯಿತು.

"ಯಾಕ?"

"ಆಗವಲ್ದರಿ."

"ಯಾರು ಬಿಡಿಸಿದ್ರು?"

ಯಮನೂರ ಹೊಳೆ ನೋಡಿದ. ಎಮ್ಮೆಗಳನ್ನು ನೋಡಿದ.

ವಸ್ತಾದರು ಲಂಗೋಟಿಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡರು.

"ಕೋರ್ಟಿಗೆ ಹೋಗು. ಎಲ್ಲಾರ ಹೆಸರೂ ಬರಸು," ಎಂದರು. "ಒಂದೂ ಬಿಡಬ್ಯಾಡ."

ಗರಡಿ ಪೂಜೆಯ ದಿನ ಬಂತು. ಗದೆಗಳಿಗೆ ಎಣ್ಣೆ, ಮಣ್ಣಿಗೆ ಮಲ್ಲಿಗೆ, ಹನುಮಂತನಿಗೆ ಹೊಸ ಸಿಂಧೂರ.

ಯಮನೂರನ ಫೋನು ಬೆಳಿಗ್ಗೆಯಿಂದ ಬಡಿದುಕೊಳ್ಳುತ್ತಿತ್ತು. ಮುಂದಿನ ತಿಂಗಳು ಬೆಲ್ಟು ಉಳಿಸಿಕೊಳ್ಳುವ ಪಂದ್ಯ. ಮ್ಯಾನೇಜರನದು ಒಂದೇ ಮಾತು: "ಅಲ್ಲಿ ಗದೆ ಗಿದೆ ಎತ್ತಬೇಡ. ಯಾರಿಗೂ ಜೋರಾಗಿ ಕೈ ಕುಲುಕಬೇಡ. ಆ ಬಲಗೈ ನಿನ್ನೊಬ್ಬನದಲ್ಲ." ಕೊನೆಗೆ ಯಮನೂರ ಫೋನನ್ನು ಬೂಟಿನೊಳಗೆ ಹಾಕಿ ಒಳಗೆ ಬಂದ.

ಬಂದವನು ಗೋಡೆ ನೋಡಿದ.

ಮೂರನೆಯ ಪಟ ಇರಲಿಲ್ಲ. ಅದಿದ್ದ ಜಾಗದಲ್ಲಿ ಐವತ್ತು ವರ್ಷ ಬಿಸಿಲು ಕಾಣದ, ಗಾಢ ಕೆಂಪಿನ ಒಂದು ಚೌಕ. ಅದರ ನೆತ್ತಿಯಲ್ಲಿ ಮಿರಜದ ದಸ್ತಗೀರನ ಮೊಳೆ.

ಕೇಳುವಷ್ಟರಲ್ಲಿ ಇನ್ನಾಸಿ ಮತ್ತು ರೀಟಾ ಬಾಗಿಲಿಗೆ ಬಂದರು. ಇನ್ನಾಸಿಯ ಅಂಗಿಗೆ ಐದೂ ಗುಂಡಿ ಹಾಕಿಯಾಗಿದ್ದವು. ಒಂದು ಮಾತ್ರ ಪಕ್ಕದ ಕಾಜಕ್ಕೆ ಹೋಗಿತ್ತು.

ವಸ್ತಾದರು ತಾವೇ ಕಾಲಿಗೆ ನೀರು ಕೊಟ್ಟರು. ತಾವೇ ಎಲೆ ಹಾಕಿದರು. ಹೋಳಿಗೆ ಬಡಿಸಿ, ಕಟ್ಟಿನ ಸಾರು ಬಿಟ್ಟು, ತುಪ್ಪ ಸುರಿದರು. ಇನ್ನಾಸಿ ತುತ್ತು ಎತ್ತುವಾಗ ಅರ್ಧ ಎಲೆಗೆ, ಅರ್ಧ ಬಾಯಿಗೆ. ಸುತ್ತ ಕೂತ ಪೈಲ್ವಾನರು ತಮ್ಮ ತಮ್ಮ ಎಲೆಗಳನ್ನೇ ನೋಡಿದರು.

ರೀಟಾ ಉಣ್ಣಲಿಲ್ಲ.

"ನೀವೇನಾ ಗುರುಗಳು?"

"ಹೂನವ್ವ."

"ಆ ಪಂದ್ಯ ನೋಡಿದ್ರಾ?"

"ಅವತ್ತ ಇಲ್ಲೇ ಟೀವಿ ತಂದಿಟ್ಟಿದ್ರು. ಎಲ್ಲಾರೂ ನೋಡಿದ್ವಿ."

"ಆರನೇ ಏಟಾದ ಮೇಲೆ ನಿಮ್ಮ ಶಿಷ್ಯ ನಿಲ್ಲಿಸಿ, ರೆಫ್ರಿ ಕಡೆ ನೋಡಿದ್ರು. ಆಗ ನೀವೇನು ಮಾಡ್ತಿದ್ರಿ?"

ಗರಡಿಯಲ್ಲಿ ಯಾರೂ ಅಗಿಯುತ್ತಿರಲಿಲ್ಲ.

"ಎದ್ದು ನಿಂತು 'ಹಾಕು' ಅಂದೆ," ಎಂದರು ವಸ್ತಾದರು.

ಯಮನೂರ ತಲೆ ಎತ್ತಿದ.

"'ಹಾಕು' ಅಂದ್ರಾ?" ಎಂದಳು ರೀಟಾ.

"ಅಂದೆ. ನನ್ನ ಶಿಷ್ಯಾ ಗೆಲ್ಲಾಕತ್ತಿದ್ದನವ್ವ."

ರೀಟಾ ಹದಿಮೂರು ದಿನ ಜೋಡಿಸಿಕೊಂಡು ಬಂದ ಮಾತುಗಳಿದ್ದವು. ಅವುಗಳಲ್ಲಿ ಯಾವುದೂ ಇದಕ್ಕೆ ಹೊಂದುವಂತಿರಲಿಲ್ಲ. ಅವಳು ಗೋಡೆ ನೋಡಿದಳು.

"ಅಲ್ಲಿ ಯಾರ ಫೋಟೋ ಇತ್ತು?"

"ನಂದು."

"ಇಳಿಸಿಬಿಟ್ರೆ ಸರಿಹೋಯ್ತಾ?"

"ಇಲ್ಲ."

"ಮತ್ತೆ? ನಾನೇನು ಮಾಡಲಿ ಈಗ? ಪಾಪ, ಮುದುಕರು, ನಿಜ ಹೇಳಿದ್ರು ಅಂತ ಹೋಳಿಗೆ ತಿಂದು ಹೋಗಲಾ?"

"ಹೋಳಿಗಿ ತಿನ್ನು. ಸಿಟ್ಟು ಬಿಡಬ್ಯಾಡ. ಎರಡಕ್ಕೂ ಹೊಟ್ಟ್ಯಾಗ ಜಾಗಾ ಐತಿ."

ರೀಟಾ ಎಲೆಯ ಮುಂದೆ ಕೂತಳು. ಸಿಟ್ಟಿನಲ್ಲೇ ಮೂರು ಹೋಳಿಗೆ ತಿಂದಳು.

ಊಟವಾಯಿತು. ವಸ್ತಾದರು ಇನ್ನಾಸಿಯ ಕೈಗೆ ಸುತ್ತಿಗೆ ಕೊಟ್ಟರು. ಇನ್ನೊಂದು ಕೈಗೆ ಮೊಳೆ. ಬೆರಳುದ್ದದ, ಚೌಕ ತಲೆಯ, ಕಮ್ಮಾರನ ಮೊಳೆ.

ಇನ್ನಾಸಿ ಸುಣ್ಣದ ಚೌಕದ ಮುಂದೆ ನಿಂತ. ಮೊಳೆಯನ್ನು ಗೋಡೆಗೆ ಇಟ್ಟ. ಅದು ಬಿತ್ತು. ಬಗ್ಗಿ ಎತ್ತಿಕೊಂಡ. ಬಿತ್ತು. ಮೂರನೆಯ ಸಲ ಬಿದ್ದಾಗ ಒಬ್ಬ ಪೈಲ್ವಾನ ಎದ್ದ. ವಸ್ತಾದರು ಕೈ ಅಡ್ಡ ಮಾಡಿ ಅವನನ್ನು ಕೂರಿಸಿದರು.

ಇನ್ನಾಸಿ ತಿರುಗಿದ.

"ತಮ್ಮಾ. ಮೊಳೆ... ನೀ ಹಿಡಿ."

ಯಮನೂರ ಮೊಳೆ ಎತ್ತಿಕೊಂಡ. ಎಡಗೈಯಿಂದ ಗೋಡೆಗೆ ಒತ್ತಿದ. ಇನ್ನಾಸಿ ಸುತ್ತಿಗೆ ಎತ್ತಿದ. ಸುತ್ತಿಗೆ ಗಾಳಿಯಲ್ಲಿ ಮೂರು ಕಡೆ ಹೋಗಿ ಬಂತು.

"ಒಂದ ನಿಮಿಷ ಅಣ್ಣಾ," ಎಂದ ಯಮನೂರ.

ಕೈ ಬದಲಿಸಿದ. ಬಲಗೈಯಿಂದ ಹಿಡಿದ.

ಮೊದಲನೆಯ ಏಟು ಗೋಡೆಗೆ ಬಿತ್ತು. ಎರಡನೆಯದು ಮೊಳೆಗೆ. ಮೂರನೆಯದೂ ಮೊಳೆಗೆ. ಮಣ್ಣು ಉದುರಿತು, ಮೊಳೆ ಒಳಗೆ ಸರಿಯಿತು.

ನಾಲ್ಕನೆಯದು ಹೆಬ್ಬೆರಳಿಗೆ.

ಯಮನೂರನ ಕೈ ಅಲ್ಲೇ ಇತ್ತು.

ಐದನೆಯದು ಮೊಳೆಗೆ. ಆರನೆಯದು ಬೆರಳ ಗೆಣ್ಣುಗಳಿಗೆ. ಸುಣ್ಣದ ಗೆರೆಯ ಮೇಲೆ ರಕ್ತ ಇಳಿಯಿತು.

ಯಾರೂ ಏನೂ ಅನ್ನಲಿಲ್ಲ. ವಸ್ತಾದರೂ ಅನ್ನಲಿಲ್ಲ. ರೀಟಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಇನ್ನಾಸಿ ಎತ್ತಿದ ಸುತ್ತಿಗೆ ಮೇಲೆಯೇ ನಿಂತಿತು. ಅವನು ವಸ್ತಾದರ ಕಡೆ ನೋಡಲಿಲ್ಲ, ಹೆಂಡತಿಯ ಕಡೆ ನೋಡಲಿಲ್ಲ. ಯಮನೂರನ ಮುಖ ನೋಡಿದ.

ಸುತ್ತಿಗೆ ಇಳಿಸಿದ.

"ಸಾಕು."

"ಹೊಡೀರಿ ಅಣ್ಣಾ. ಅರ್ಧಾ ಅಷ್ಟ ಹೋಗೈತಿ."

"ಬೇಡ."

"ಇನ್ನೊಂದು ಐದು ಹೊಡೀರಿ, ಪೂರಾ ಹೊಕ್ಕತೈತಿ. ನಾ ಹಿಡದಿರ್ತೀನಿ. ನಾ ಬ್ಯಾಡ ಅನ್ನಾಂಗಿಲ್ಲ!"

"ನೀ ಅನ್ನಲ್ಲ," ಎಂದ ಇನ್ನಾಸಿ. "ಆದ್ರೆ ನಿಂಗೆ... ನೋಯ್ತಿದೆ."

ಅವನು ಬಗ್ಗಿ ಸುತ್ತಿಗೆಯನ್ನು ನೆಲಕ್ಕಿಟ್ಟ. ಸದ್ದಾಗದ ಹಾಗೆ ಇಟ್ಟ.

ಯಮನೂರ ಗೋಡೆಗೆ ಹಣೆ ಹಚ್ಚಿದ. ಅವನ ಬೆನ್ನು ಅಲುಗಿತು.

ರೀಟಾ ಹೆಗಲ ಮೇಲಿದ್ದ ಟವೆಲನ್ನು ತೆಗೆದಳು. ಗಂಡನ ಬಾಯಿ ಒರೆಸಲೆಂದು ದಿನವೂ ಇಟ್ಟುಕೊಳ್ಳುವ ಟವೆಲು. ಮುದ್ದೆ ಮಾಡಿ ಯಮನೂರನ ಕಡೆ ಎಸೆದಳು.

"ಕಟ್ಕೊಳ್ಳಿ. ಬಿಗಿಯಾಗಿ. ನಾನು ಕಟ್ಟಲ್ಲ."

ಅವನು ಕಟ್ಟಿಕೊಂಡ. ಹೊರಗೆ ಬೂಟಿನೊಳಗೆ ಫೋನು ಗುರ್ ಎನ್ನುತ್ತಲೇ ಇತ್ತು.

ಗೋಡೆಗೆ ಒರಗಿದ್ದ ತೇಗದ ಪಟದಲ್ಲಿ ಯಮನೂರ ಇನ್ನೂ ಎರಡೂ ಕೈ ಎತ್ತಿ ನಿಂತಿದ್ದ. ಕೆಳಗೆ ನಿಂತ ಯಮನೂರ ಅದನ್ನು ನೋಡಿದ. ಅರ್ಧ ಒಳಗೆ, ಅರ್ಧ ಹೊರಗೆ ಇದ್ದ ಮೊಳೆಯನ್ನು ನೋಡಿದ.

"ವಸ್ತಾದ್ರ," ಎಂದ. "ಪಟ?"

ವಸ್ತಾದರು ಚೌಕದ ಹತ್ತಿರ ಹೋದರು. ಮೊಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ ನೋಡಿದರು. ಕೀಳಲಿಲ್ಲ, ಹೊಡೆಯಲೂ ಇಲ್ಲ.

"ಮೊಳಿ ಎಷ್ಟು ಇಳದೈತೋ ಅಷ್ಟ ಭಾರ ಹೊರತೈತಿ," ಎಂದರು. "ಅಷ್ಟು ಹಗುರಾದ್ದು ನಿನ್ನ ಕಡೆ ಏನರ ಇದ್ರ, ತಗೊಂಡು ಬಾ."